ಎರಡನೆಯ ಸ್ವಿಚ್ಚು

ಅಕ್ಕಾ, ಆವತ್ತು ಸಂಜೆ ನಡುಮನೆಯ ದೀಪ ಆರಿಸಿದವನು ನಾನು. ನಿನ್ನ ಕೈಯಿಂದಲೇ ಆರಿಸಿದೆ — ಆದರೂ ಆರಿಸಿದವನು ನಾನು. ನಿನ್ನ ಬೆರಳು ತಪ್ಪಿರಲಿಲ್ಲ. ಅದು ತಪ್ಪಿತು ಎಂದು ಎಲ್ಲರಿಗೂ ಕಾಣಬೇಕೆಂದೇ ಗೋಡೆಯ ಮೇಲೆ ತಂತಿ ಎಳೆದು, ಹನ್ನೆರಡು ದಿನ ಕಾದು, ಶೀನು ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ನಿನ್ನನ್ನು ಆ ಬಲೆಯೊಳಗೆ ನಡೆಸಿದೆ. ನೀನು ಬದುಕಿದ್ದಾಗಲೇ ಇದನ್ನು ಹೇಳಬಹುದಾಗಿತ್ತು. ನೀನು ಬಾಯಿಬಿಟ್ಟು ಕೇಳಿಯೂ ಇದ್ದೆ. ಆಗ ನಾನು —

ಅದನ್ನು ಆಮೇಲೆ ಬರೆಯುತ್ತೇನೆ. ಮೊದಲಿನಿಂದ ಬರೆಯದಿದ್ದರೆ ಎಲ್ಲಾದರೂ ಒಂದು ಕಡೆ ತಪ್ಪಿಸಿಕೊಂಡುಬಿಡುತ್ತೇನೆ.

ನೀನು ಹೋಗಿ ಹನ್ನೊಂದು ತಿಂಗಳಾಯಿತು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡದ ಅಕ್ಷರ ಬಂದದ್ದು ನಿನ್ನಿಂದ, ಪೆರಂಬೂರಿನ ಈ ಮನೆಯ ಅಡುಗೆಮನೆ ಹೊಸ್ತಿಲಲ್ಲಿ, ರಂಗೋಲಿ ಪುಡಿಯಲ್ಲಿ ಬೆರಳಾಡಿಸಿ. ಅದೇ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿದ್ದ ಸಂಗತಿಗಳನ್ನೂ ಬರೆಯುತ್ತೇನೆ, ಏಕೆಂದರೆ ಇದನ್ನು ಓದುವವರು ಬೇರೆಯವರು. ನೀನು ಓದುವುದಿಲ್ಲ.

ಅಮ್ಮ ಹೋದಾಗ ನನಗೆ ಏಳು ವರ್ಷ, ತಮ್ಮ ಶೀನುವಿಗೆ ಮೂರು. ನಿನಗೆ ಇಪ್ಪತ್ತೆರಡು. ಗಂಡ ತೀರಿಕೊಂಡು ವರ್ಷ ತುಂಬುವುದರೊಳಗೆ ನೀನು ನಮಗಾಗಿ ಈ ಮನೆಗೆ ಬಂದೆ, ಮತ್ತೆ ಎಲ್ಲಿಗೂ ಹೋಗಲಿಲ್ಲ. ಅಪ್ಪನ ಹಿಂದೆಯೇ ನಾನೂ ರೈಲು ಡಬ್ಬಿ ಕಾರ್ಖಾನೆ ಸೇರಿದೆ, ವೈರ್‌ಮನ್ ಕೆಲಸಕ್ಕೆ ಅಪ್ರೆಂಟಿಸ್ ಆಗಿ. ಆ ವರ್ಷವೇ ಮನೆಗೆ ಕರೆಂಟು ಬಂತು. ನಡುಮನೆಯಲ್ಲಿ ದೇವರ ಗೂಡಿನ ಎದುರಿಗೆ ಒಂದು ಬಲ್ಬು. ಅದಕ್ಕೆ ಮರದ ತುಂಡಿನ ಮೇಲೆ ಕಪ್ಪು ಗುಂಡು ಸ್ವಿಚ್ಚು, ನಡುವೆ ಮೂಗಿನ ಹಾಗೆ ಒಂದು ಕಡ್ಡಿ. ನಾನೇ ಹಾಕಿದ್ದು. ನೀನು ಮುಟ್ಟಲು ಹೆದರಿದೆ. ನಿನ್ನ ತೋರುಬೆರಳು ಹಿಡಿದು ಕಡ್ಡಿಯ ಮೇಲಿಟ್ಟು ಪಾಠ ಹೇಳಿದೆ — ಕೆಳಗೆ ಅಂದರೆ ದೀಪ, ಮೇಲೆ ಅಂದರೆ ಕತ್ತಲೆ.

"ತಲೆಕೆಳಗಿನ ವಿದ್ಯೆ ಕಣೋ ನಿಂದು," ಎಂದು ನಕ್ಕಿದ್ದೆ ನೀನು.

ಆವತ್ತಿನಿಂದ ಸಂಜೆಯ ದೀಪ ನಿನ್ನದು. ಹೊತ್ತು ಮುಳುಗುವಾಗ ಕೈಕಾಲು ತೊಳೆದು ಬಂದು, ಸ್ವಿಚ್ಚು ಕೆಳಗೆ ಮಾಡಿ, ಬಲ್ಬಿಗೆ ಕೈಮುಗಿದು, ದೀಪದ ಶ್ಲೋಕ ಹೇಳಿಕೊಂಡು, ಆಮೇಲೆ ದೇವರ ಮುಂದೆ ಎಣ್ಣೆದೀಪ ಹಚ್ಚುತ್ತಿದ್ದೆ. ಅದಕ್ಕೆ ಮುಂಚೆ ಆ ದೀಪವನ್ನು ಮನೆಯಲ್ಲಿ ಬೇರೆ ಯಾರೂ ಹಾಕುವ ಹಾಗಿರಲಿಲ್ಲ. ಮೂವತ್ತು ವರ್ಷ ಯಾರೂ ಹಾಕಲಿಲ್ಲ.

ವಯಸ್ಸಾಗುತ್ತ ನಿನ್ನ ಮಡಿ ಹೆಚ್ಚಾಯಿತು. ನಿನ್ನ ಡಬ್ಬಿಗಳನ್ನು ಯಾರೂ ಮುಟ್ಟಬಾರದು, ಪಾತ್ರೆ ಸರಿಸಬಾರದು, ನೀನು ಓಡಾಡುವ ದಾರಿಯಲ್ಲಿ ಮಣೆಯೋ ಚೊಂಬೋ ಇರಬಾರದು, ಮೈಗೆ ಮೈ ತಾಗಬಾರದು. ಪಂಚಾಂಗ ಓದಲು ನೀನು ನನ್ನ ಹೆಂಡತಿ ವನಜಳನ್ನು ಕರೆಯುತ್ತಿದ್ದೆ. ಕನ್ನಡಕ ಹಾಕಿಕೊಳ್ಳಿ ಅತ್ತಿಗೆ ಎಂದರೆ, ಕನ್ನಡಕ ಮಡಿಗೆ ಬರೋದಿಲ್ಲಮ್ಮ ಎನ್ನುತ್ತಿದ್ದೆ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ನಿನ್ನ ಕಣ್ಣು ಹೋಗುತ್ತಿದೆ, ಅದನ್ನು ಮುಚ್ಚಲು ನೀನು ಮಡಿಯನ್ನು ಹೊದ್ದುಕೊಂಡಿದ್ದೀಯ ಎಂದು ನಮಗೆ ಹೊಳೆಯಲೇ ಇಲ್ಲ. ಮಡಿ ಇದ್ದ ಮನೆಯಲ್ಲಿ ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ. ನಿನಗೆ ಬೇಕಾಗಿದ್ದದ್ದು ಅಷ್ಟೇ.

ನನಗೆ ಗೊತ್ತಾದದ್ದು ಹೀಗೆ. ಹೊಸ ಶತಮಾನ ಬರುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ. ಒಂದು ಸಂಜೆ ಕರೆಂಟು ಹೋಗಿತ್ತು. ವನಜ ಮಾರುಕಟ್ಟೆಗೆ ಹೋಗಿದ್ದಳು, ನಾನು ನಡುಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದೆ. ನೀನು ಬಂದೆ. ಸ್ವಿಚ್ಚು ತಡವಿ ಕೆಳಗೆ ಮಾಡಿದೆ. ಉರಿಯದ ಬಲ್ಬಿಗೆ ಕೈಮುಗಿದೆ. ಶ್ಲೋಕ ಮುಗಿಸಿ, ಎಣ್ಣೆದೀಪ ಹಚ್ಚಿ, ನನ್ನ ಮುಂದೆಯೇ ಹಾದು ಒಳಗೆ ಹೋದೆ.

ಇಲ್ಲಿ ಒಂದು ಮಾತನ್ನು ಬರೆಯಲೇಬೇಕು. ಅಯ್ಯೋ ಎನ್ನಿಸಲಿಲ್ಲ ನನಗೆ. ಸಿಕ್ಕಿಬಿದ್ದಳು ಎನ್ನಿಸಿತು.

ಯಾಕೆ ಹಾಗೆ — ಎಷ್ಟು ಸಲ ಕೇಳಿಕೊಂಡಿದ್ದೇನೆ. ಐವತ್ತು ದಾಟಿದ ಮೇಲೂ ನಾನು ನಿನ್ನ ಮನೆಯಲ್ಲಿ ಹುಡುಗನೇ. ಎಷ್ಟು ಹೊತ್ತಿಗೆ ಊಟ, ಯಾವ ಪಲ್ಯ, ಯಾರು ಒಳಗೆ ಬರಬಹುದು — ಎಲ್ಲ ನೀನು ಹೇಳಿದಂತೆ. ವನಜ ಒಮ್ಮೆ ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೆ, "ಇಪ್ಪತ್ತೆರಡು ವರ್ಷ ಆಯ್ತು, ಈ ಮನೆ ಒಲೆ ನನ್ನ ಮುಖ ನೋಡಿಲ್ಲ," ಎಂದಿದ್ದಳು. ಆದರೆ ನಿನ್ನನ್ನು ಕಳಿಸಿ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಅವಳ ಹೆಸರು ಇಲ್ಲಿ ಬೇಡ. ನೀನು ಈ ಮನೆಯಿಂದ ಹೋಗಬೇಕು ಎನ್ನಿಸಿದ್ದು ನನಗೆ. ಹೋಗು ಎನ್ನುವ ಮಾತು ಮಾತ್ರ ನನ್ನ ಬಾಯಿಂದ ಬರಬಾರದಾಗಿತ್ತು.

ಮೈಸೂರಿನಲ್ಲಿದ್ದ ಶೀನುವಿಗೆ ಫೋನ್ ಮಾಡಿದೆ. ಅಕ್ಕನಿಗೆ ಕಣ್ಣು ಪೂರ್ತಿ ಹೋಗಿದೆ, ಗ್ಯಾಸ್ ಒಲೆ, ನನಗೆ ಹೆದರಿಕೆ — ಎಂದೆ. ಅವನು ನಂಬಲಿಲ್ಲ. ಹೋದ ಸಲ ಬಂದಾಗ ಸಣ್ಣಗಾಗಿದ್ದೀಯಲ್ಲೋ ಅಂದಳು, ಕಣ್ಣು ಕಾಣದವರು ಆಡೋ ಮಾತಾ ಅದು, ಎಂದು ನನ್ನನ್ನೇ ಕೇಳಿದ. ಆ ಮಾತನ್ನು ನೀನು ಬಾಗಿಲಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ, ಅಕ್ಕ. ಕೊನೆಗೆ ಶೀನು ಹೇಳಿದ್ದು ಇಷ್ಟು:

"ಅವಳನ್ನ ನನ್ನ ತಲೆಗೆ ಕಟ್ಟೋಕೆ ಕತೆ ಹೇಳಬೇಡ ರಾಘು. ನಿಜವಾಗಿ ಕಾಣಲ್ಲ ಅಂತ ನನ್ನ ಕಣ್ಣೆದುರಿಗೆ ತೋರಿಸು. ಆಗ ನಾನೇ ಕರಕೊಂಡು ಹೋಗ್ತೀನಿ."

ಹಿಂದೆ ಅವನೇ ಎರಡು ಸಲ ಮೈಸೂರಿಗೆ ಬಾ ಎಂದು ಕರೆದಿದ್ದಾಗ ನೀನು ಹೇಳಿದ್ದು ನನಗೆ ನೆನಪಿತ್ತು. "ನನ್ನ ಹೆಣ ಈ ಹೊಸ್ತಿಲು ದಾಟಲಿ. ಅದಕ್ಕೆ ಮುಂಚೆ ಬೇಡಪಾ." ಈ ಮನೆಯ ಒಂದೊಂದು ಕಂಬವನ್ನೂ ಮೊಳೆಯನ್ನೂ ನಿನ್ನ ಕೈ ಬಲ್ಲದು, ಬೇರೆ ಮನೆಯಲ್ಲಿ ನೀನು ಕುರುಡಿ — ಅದನ್ನೇ ನೀನು ಹಾಗೆ ಹೇಳಿದ್ದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತೋರಿಸಲು ಹೊರಟೆ.

ಮೊದಲು ಸಣ್ಣ ಸಣ್ಣ ಪರೀಕ್ಷೆ. ಒಂದು ದಿನ ನಿನ್ನ ಮಣೆಯನ್ನು ಒಂದು ಗೇಣು ಸರಿಸಿಟ್ಟೆ. ನೀನು ಕಾಲಬೆರಳಿನಿಂದ ತಡವಿ, ಯಾರೋ ಇದನ್ನು ಮುಟ್ಟಿದ್ದು, ನನ್ನ ಮಡಿ ಹೋಯ್ತು, ಎಂದು ಗೊಣಗಿ ಮತ್ತೆ ಸ್ನಾನಕ್ಕೆ ಹೋದೆ. ಡಿಸೆಂಬರ್ ತಿಂಗಳು, ತಣ್ಣೀರು. ಇನ್ನೊಂದು ದಿನ ನೀನು ಬರುವ ದಾರಿಯಲ್ಲಿ ನಾನು ಉಸಿರು ಬಿಗಿಹಿಡಿದು ನಿಂತೆ. ಡಿಕ್ಕಿ ಹೊಡೆಯುತ್ತೀ ಎಂದುಕೊಂಡಿದ್ದೆ. ನೀನು ಒಂದು ಮೊಳ ದೂರದಲ್ಲೇ ನಿಂತುಬಿಟ್ಟೆ.

"ದಾರಿ ಬಿಡೋ ರಾಘು, ಮಡೀಲಿದೀನಿ. ಕಾರ್ಖಾನೆ ಗ್ರೀಸ್ ವಾಸನೆ ಹೋಗೋ ಹಾಗೆ ಸೋಪು ಹಾಕ್ಕೊಳೋಕೆ ಇನ್ನೂ ಬರಲ್ಲ ನಿಂಗೆ."

ಅಡುಗೆಯಲ್ಲಂತೂ ಒಂದು ದಿನ ಉಪ್ಪು ಹೆಚ್ಚಾಗಲಿಲ್ಲ, ಒಂದು ದಿನ ಹಾಲು ಉಕ್ಕಲಿಲ್ಲ. ನೀನು ಗೆಲ್ಲುತ್ತಿದ್ದೆ. ಅದು ನನಗೆ ಸಹಿಸಲಾಗಲಿಲ್ಲ. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಅದರಲ್ಲೇ ನಿನ್ನನ್ನು ಸೋಲಿಸಬೇಕು ಎಂದುಕೊಂಡೆ.

ಮಹಡಿ ಮೆಟ್ಟಿಲಿಗೆ ಹಾಕುವ ಒಂದು ವೈರಿಂಗ್ ಇದೆ. ದೀಪ ಒಂದೇ, ಸ್ವಿಚ್ಚು ಎರಡು, ಮೆಟ್ಟಿಲ ಕೆಳಗೊಂದು ಮೇಲೊಂದು. ಯಾವುದನ್ನು ಒತ್ತಿದರೂ ಉರಿಯುತ್ತಿದ್ದ ದೀಪ ಆರುತ್ತದೆ, ಆರಿದ್ದ ದೀಪ ಉರಿಯುತ್ತದೆ. ಅಲ್ಲಿ ಕೆಳಗೆ ಅಂದರೆ ದೀಪ, ಮೇಲೆ ಅಂದರೆ ಕತ್ತಲೆ ಎಂಬ ಲೆಕ್ಕವಿಲ್ಲ. ಕಣ್ಣಿದ್ದವರಿಗೆ ಅನುಕೂಲ. ಬೆರಳಿಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ.

ಒಂದು ಭಾನುವಾರ ಹಳೆಯ ಸ್ವಿಚ್ಚು ಬಿಚ್ಚಿದೆ. ಕಿಡಿ ಹಾರುತ್ತಿದೆ ಅಕ್ಕ, ಬದಲಾಯಿಸಬೇಕು ಎಂದೆ. ಕಿಡಿ ಹಾರುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಬಿಗಿದ ತಿರುಪು ಇನ್ನೂ ಬಿಗಿಯಾಗಿಯೇ ಇತ್ತು.

"ಅದೇ ತರಹದ್ದು ಹಾಕೋ," ಎಂದೆ ನೀನು, ಅಡುಗೆಮನೆಯ ಬಾಗಿಲಲ್ಲಿ ನಿಂತು. ಸುಮ್ಮನೆ ಹೇಳಿದ ಹಾಗೆ ಹೇಳಿದೆ, ಆದರೆ ನಾನು ಉತ್ತರ ಕೊಡುವವರೆಗೂ ಅಲ್ಲಿಂದ ಕದಲಲಿಲ್ಲ.

"ಅದೇ ತರಹಾನೇ ಅಕ್ಕ. ಕೆಳಗೆ ಒತ್ತಿದರೆ ದೀಪ."

ಬಿಳಿಯ ಹೊಸ ಸ್ವಿಚ್ಚನ್ನು ಹಾಕಿ ಮುಗಿಸಿದ ಮೇಲೆ ನೀನು ಬಂದು ಬೆರಳಾಡಿಸಿದೆ. "ಹಲ್ಲಿ ಬೆನ್ನಿನ ಹಾಗೆ ನುಣ್ಣಗಿದೆಯಲ್ಲೋ," ಎಂದು ಕೈ ಹಿಂದಕ್ಕೆಳೆದುಕೊಂಡು ನಕ್ಕೆ. ಆ ಹೊತ್ತಿಗೆ ಎರಡನೆಯದನ್ನು ಮುಂದಿನ ಕೋಣೆಯ ಬಾಗಿಲ ಹಿಂದೆ ಹಾಕಿ ಆಗಿತ್ತು. ವನಜಳಿಗೆ, ರಾತ್ರಿ ಹಾಸಿಗೆಯಿಂದ ಏಳದೆ ದೀಪ ಆರಿಸಲು ಎಂದು ಹೇಳಿದೆ. ನಿನಗೆ ಹೇಳಲಿಲ್ಲ. ಮುಂದಿನ ಕೋಣೆಯಲ್ಲಿದ್ದದ್ದು ಟ್ಯೂಬ್‌ಲೈಟು. ಅದು ಗುಂಯ್‌ಗುಡುತ್ತದೆ, ಉರಿಯುತ್ತಿದೆಯೋ ಇಲ್ಲವೋ ನಿನಗೆ ಕಿವಿಯಿಂದ ಗೊತ್ತಾಗುತ್ತಿತ್ತು. ಬಲ್ಬು ಸದ್ದು ಮಾಡುವುದಿಲ್ಲ. ಇದನ್ನೂ ಯೋಚಿಸಿದ್ದೆ.

ಹನ್ನೆರಡು ದಿನ ಎರಡನೆಯ ಸ್ವಿಚ್ಚನ್ನು ಯಾರೂ ಮುಟ್ಟದಂತೆ ನೋಡಿಕೊಂಡೆ. ಅದನ್ನು ಮುಟ್ಟದಿದ್ದರೆ ಮೊದಲನೆಯದು ಸಾಮಾನ್ಯ ಸ್ವಿಚ್ಚಿನ ಹಾಗೆಯೇ ಇರುತ್ತದೆ, ಕೆಳಗೆ ಮಾಡಿದರೆ ದೀಪ. ಮೊದಲ ಎರಡು ಸಂಜೆ ನಿನ್ನ ಬೆರಳು ತಡವರಿಸಿತು. ಮೂರನೆಯ ಸಂಜೆ ಸಲೀಸು. ನಿನ್ನ ಮುಖದಲ್ಲಿ ಕಂಡ ಆ ಸಣ್ಣ ಸಮಾಧಾನ — ಅದನ್ನು ನೋಡುತ್ತ ಕುಳಿತಿದ್ದೆ ನಾನು. ನಿಲ್ಲಿಸಬಹುದಾಗಿತ್ತು.

ತಿರುಪತಿಗೆ ಹೋಗಿ ವಾಪಸು ಬರುತ್ತ ಶೀನು ಮತ್ತು ಅವನ ಹೆಂಡತಿ ಮಾಲತಿ ನಮ್ಮಲ್ಲಿ ಇಳಿದರು. ಮಧ್ಯಾಹ್ನದ ಊಟಕ್ಕೆ ನೀನು ಮೈಸೂರು ಕಡೆಯ ಹುಳಿ ಮಾಡಿದ್ದೆ. ಮಾಲತಿ ನಿನ್ನ ಮಾತನ್ನು ಛೇಡಿಸಿದಳು. "ನಿಮ್ಮ ಕನ್ನಡಕ್ಕೆ ತಮಿಳು ಒಗ್ಗರಣೆ ಜಾಸ್ತಿ ಆಯ್ತು ಅತ್ತಿಗೆ."

"ಒಗ್ಗರಣೆ ಇಲ್ಲದ ಸಾರು ಮೈಸೂರಲ್ಲೇ ಕುಡೀಬೇಕಮ್ಮ," ಎಂದೆ ನೀನು. ಎಲ್ಲರೂ ನಕ್ಕರು. ಶೀನು ನನ್ನ ಕಡೆ ತಿರುಗಿ ಹುಬ್ಬೇರಿಸಿದ — ಇವಳಿಗೆ ಕಣ್ಣಿಲ್ಲವಾ ಎಂಬಂತೆ.

ಸಂಜೆ ಅವನು ನಡುಮನೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕುಳಿತ. ಮಾಲತಿಯೂ ವನಜಳೂ ನೆಲದ ಮೇಲೆ ಹೂ ಕಟ್ಟುತ್ತಿದ್ದರು. ನೀನು ಹಿತ್ತಲಿನಲ್ಲಿ ಕೈಕಾಲು ತೊಳೆಯುವ ಸದ್ದು ಕೇಳಿ ನಾನು ಮುಂದಿನ ಕೋಣೆಗೆ ಹೋಗಿ, ಬಾಗಿಲ ಹಿಂದಿನ ಎರಡನೆಯ ಸ್ವಿಚ್ಚು ಒತ್ತಿದೆ. ನಡುಮನೆಯ ಬಲ್ಬು ಹತ್ತಿಕೊಂಡಿತು. ನಾನು ಮರಳಿ ನಡುಮನೆಯ ಬಾಗಿಲಿಗೆ ಬಂದು ನಿಂತೆ. ಶೀನುವಿಗೆ ನಿನ್ನ ಸಂಜೆಯ ಕಟ್ಟುಪಾಡು ಮರೆತಿರಬೇಕು. ದೀಪ ಬಂತೆಂದು ಪೇಪರನ್ನು ಇನ್ನಷ್ಟು ಬಿಡಿಸಿ ಹಿಡಿದ. ಮನೆಯಲ್ಲಿ ಮೂವತ್ತು ವರ್ಷದಲ್ಲಿ ಮೊದಲ ಸಲ ನಿನಗಿಂತ ಮುಂಚೆ ಆ ದೀಪ ಹತ್ತಿತ್ತು. ನಿನ್ನ ಸ್ವಿಚ್ಚು ಮಾತ್ರ ಮೇಲೆಯೇ ಇತ್ತು, ಕತ್ತಲೆ ಎನ್ನುತ್ತ.

ನೀನು ಬಂದೆ. ಪೇಪರಿನ ಸರಸರ ನಿನ್ನ ಕಿವಿಗೆ ಬಿತ್ತು.

"ಕತ್ತಲಲ್ಲಿ ಯಾಕೋ ಓದ್ತೀಯ ಶೀನು? ಕಣ್ಣು ಹಾಳಾಗುತ್ತೆ. ಇರು."

ಬೆರಳಿನಿಂದ ಸ್ವಿಚ್ಚು ಹುಡುಕಿದೆ. ಮೇಲಿದೆ ಎಂದು ಕಂಡುಕೊಂಡೆ. ಕೆಳಗೆ ಒತ್ತಿದೆ. ದೀಪ ಆರಿತು. ನೀನು ಆರಿದ ಬಲ್ಬಿನ ಕಡೆ ಮುಖವೆತ್ತಿ, ಕೈಮುಗಿದು, ಕಣ್ಣು ಮುಚ್ಚಿ ಶ್ಲೋಕ ಹೇಳತೊಡಗಿದೆ. ಮಾಲತಿಯ ಕೈಯಲ್ಲಿ ಹೂವಿನ ದಾರ ಹಾಗೆಯೇ ನಿಂತಿತು. ಶ್ಲೋಕ ಪೂರ್ತಿ ಮುಗಿಸಿದೆ ನೀನು, ಒಂದು ಪದವನ್ನೂ ಬಿಡದೆ. ಆಮೇಲೆ, "ಹೂಂ, ಈಗ ಓದು," ಎಂದೆ.

"ಅಕ್ಕ," ಎಂದ ಶೀನು, ಬಹಳ ಮೆಲ್ಲಗೆ. "ಯಾವುದಕ್ಕೆ ಕೈಮುಗೀತಾ ಇದ್ದೀಯ?"

ನಿನ್ನ ಕೈ ತಟ್ಟನೆ ಸ್ವಿಚ್ಚಿಗೆ ಹೋಯಿತು. ಎರಡು ಸಲ ತಡವಿದೆ.

"ಕೆಳಗೇ ಇದೆಯಲ್ಲ… ಕರೆಂಟು ಹೋಯ್ತಾ?"

ಕೇಳಿದ ಮೇಲೆ ನಿನಗೇ ಫ್ಯಾನಿನ ಸದ್ದು ಕೇಳಿಸಿತು. ತಲೆಯ ಮೇಲೆ ಕಿರ್ರ್ ಕಿರ್ರ್ ಎಂದು ತಿರುಗುತ್ತಲೇ ಇತ್ತು. ನೀನು ಆ ಸದ್ದಿನ ಕಡೆ ಮುಖವೆತ್ತಿದ್ದನ್ನು ನಾವು ನಾಲ್ವರೂ ನೋಡಿದೆವು. ನಾನು ಆಗಲಾದರೂ ಸುಮ್ಮನಿರಬಹುದಾಗಿತ್ತು. ತೋರಿಸಬೇಕಾದದ್ದು ತೋರಿಸಿ ಆಗಿತ್ತು. ಆದರೂ ಹೇಳಿದೆ:

"ಕರೆಂಟು ಇದೆ ಅಕ್ಕ. ಉರೀತಿದ್ದ ದೀಪ ಆರಿಸಿದ್ದು ನೀನೇ."

ನೀನು ಅಳಲಿಲ್ಲ. ಸ್ವಿಚ್ಚಿನ ಮೇಲಿದ್ದ ಬೆರಳನ್ನು ಸೆರಗಿನಿಂದ ಒರೆಸಿಕೊಂಡೆ, ಏನೋ ಅಂಟಿದ ಹಾಗೆ. ಒಳಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದೆ. ಅದಕ್ಕೆ ಮುಂಚೆ ನೀನು ಗೋಡೆ ಹಿಡಿದು ನಡೆದದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿಗೆ ಉಪ್ಪು ಬಿತ್ತು. ನಾನು ಕಾದಿದ್ದದ್ದು ಅಂಥದ್ದಕ್ಕೇ, ಆದರೆ ಅದು ಕಣ್ಣಿನಿಂದ ಆದದ್ದಲ್ಲ. ಕೈ ಹೇಳಿದ್ದನ್ನು ನೀನು ನಂಬದೆ ಡಬ್ಬಿ ಬದಲಾಯಿಸಿದ್ದೆ. ಶೀನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನರ ಒಣಗಿದೆ, ಈಗ ಮಾಡುವಂಥದ್ದು ಏನೂ ಇಲ್ಲ ಎಂದರು. ನಾಲ್ಕನೆಯ ದಿನ ನೀನು ಹೊಸ್ತಿಲು ದಾಟಿ ಅವರ ಜೊತೆ ರೈಲು ಹತ್ತಿದೆ. ನಿನ್ನನ್ನು ಕೂಡಿಸಿದ ಡಬ್ಬಿಯಲ್ಲಿ ದೀಪದ ಸ್ವಿಚ್ಚು ಎಲ್ಲಿದೆ ಎಂದು ನಾನು ನೋಡಿದೆ — ಕಸುಬಿನ ಅಭ್ಯಾಸ.

ನೀನು ಮೈಸೂರಿಗೆ ಹೋದ ಮೇಲೆ ಅಡುಗೆಮನೆ ವನಜಳದಾಯಿತು. ನಿನ್ನ ಡಬ್ಬಿಗಳ ಕೊರಳಿಗೆಲ್ಲ ದಾರ ಕಟ್ಟಿತ್ತಂತೆ; ಒಂದು ಗಂಟು ತೊಗರಿಬೇಳೆ, ಎರಡು ಗಂಟು ಉದ್ದು, ಹೀಗೆ. ಅವಳು ಅವನ್ನು ಬಿಚ್ಚಲಿಲ್ಲ. ಈಗಲೂ ಬಿಚ್ಚಿಲ್ಲ. ಇಪ್ಪತ್ತೆರಡು ವರ್ಷ ಬೇಕೆಂದಿದ್ದ ಒಲೆಯ ಮುಂದೆ ನಿಂತು ಅವಳು ಮೊದಲ ದಿನ ಏನೂ ಮಾಡಲಿಲ್ಲ. ಹೋಟೆಲಿನಿಂದ ಇಡ್ಲಿ ತಂದೆವು.

ಒಂದು ತಿಂಗಳಾದ ಮೇಲೆ ನೀನು ಫೋನಿನಲ್ಲಿ ಬಂದೆ. ಮೊದಲು ವನಜಳನ್ನು ವಿಚಾರಿಸಿದೆ. ಆಮೇಲೆ:

"ರಾಘು, ಒಂದು ಕೇಳ್ತೀನಿ, ನಿಜ ಹೇಳು. ಆವತ್ತು ನಾನು ಒತ್ತಿದ ಮೇಲೆ ಸ್ವಿಚ್ಚು ಕೆಳಗಿತ್ತಾ, ಮೇಲಿತ್ತಾ?"

ಅದೊಂದೇ ನಿನಗೆ ಬೇಕಾಗಿತ್ತು. ಕಣ್ಣು ಹೋದದ್ದಕ್ಕೆ ನೀನು ಎಂದೋ ಒಗ್ಗಿಕೊಂಡಿದ್ದೆ. ಕೈ ಉಳಿದಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಕೇಳಿದೆ, ಆ ಕೈಗೆ ಪಾಠ ಹೇಳಿಕೊಟ್ಟವನನ್ನು. ಒಂದು ಮಾತು ಹೇಳಿದ್ದರೆ —

"ಮೇಲಿತ್ತು ಅಕ್ಕ," ಎಂದೆ. "ನಿನ್ನ ಕೈಗೆ ಗೊತ್ತಾಗಲಿಲ್ಲ."

"ಸರಿಪಾ," ಎಂದು ನೀನು ಫೋನ್ ಇಟ್ಟುಬಿಟ್ಟೆ.

ಅಲ್ಲಿ ನೀನು ನಾಲ್ಕು ವರ್ಷ ಬದುಕಿದೆ. ನಾನು ಐದು ಸಲ ಬಂದು ನೋಡಿದೆ. ಪ್ರತಿ ಸಲ ನೀನು ಮಂಚದ ಮೇಲೆ ಕುಳಿತಿರುತ್ತಿದ್ದೆ, ಎರಡು ಕೈಯನ್ನೂ ಮಡಿಲಲ್ಲಿ ಮಡಿಸಿಟ್ಟುಕೊಂಡು. ವಯಸ್ಸು ಎಂದುಕೊಂಡೆ — ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ನಿನ್ನ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಮಾಲತಿ ಹೇಳಿದಳು. ನೀನು ಆ ಮನೆಯಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲವಂತೆ. ತಟ್ಟೆಯಲ್ಲಿ ಅನ್ನ ಎಲ್ಲಿದೆ ಎಂದು ತಿಳಿಯಲೂ ಅವಳೇ ನಿನ್ನ ಕೈ ಹಿಡಿದು ಇಡಬೇಕಾಗಿತ್ತಂತೆ. ತಡವಿ ನೋಡಿ ಅತ್ತಿಗೆ ಎಂದರೆ, "ಕೈಯೂ ಸುಳ್ಳು ಹೇಳುತ್ತಮ್ಮ ನಂಗೆ," ಎನ್ನುತ್ತಿದ್ದೆಯಂತೆ. ಸ್ವಿಚ್ಚೇ ಕೆಟ್ಟಿದ್ದಿರಬಹುದು ಎಂದು ಅವಳು ಸಮಾಧಾನ ಹೇಳಿದಾಗಲೆಲ್ಲ ನಿನಗೆ ಸಿಟ್ಟು ಬರುತ್ತಿತ್ತಂತೆ.

"ರಾಘು ಹಾಕಿದ್ದು ಅದು. ಅವನ ಕೆಲಸ ಕೆಡಲ್ಲ."

ಇದನ್ನು ಹೇಳಿ ಮಾಲತಿ ನನ್ನ ಮುಖ ನೋಡಿದಳು, ನಿನ್ನ ಮಾತು ನನಗೆ ಸಂತೋಷ ಕೊಡುತ್ತದೆ ಎಂದುಕೊಂಡು. ನಾನು ಎಲೆಯಲ್ಲಿ ಉಳಿದ ಅನ್ನವನ್ನು ಒಂದು ಕಡೆಗೆ ಸೇರಿಸುತ್ತಿದ್ದೆ.

ಎರಡೂ ಸ್ವಿಚ್ಚು ಇನ್ನೂ ಗೋಡೆಯಲ್ಲಿವೆ. ಹೋದ ವಾರ ವನಜ ಕೇಳಿದಳು, ಹಾಸಿಗೆಯಿಂದ ಆರಿಸೋಕೆ ಅಂತ ಹಾಕಿದ ಸ್ವಿಚ್ಚನ್ನ ನೀವು ಒಂದು ದಿನವೂ ಯಾಕೆ ಮುಟ್ಟಲ್ಲ, ಎಂದು. ಅವಳಿಗೆ ಎಷ್ಟು ಗೊತ್ತೋ ಗೊತ್ತಿಲ್ಲ. ಹಳೆಯ ಕಪ್ಪು ಸ್ವಿಚ್ಚು ನನ್ನ ಸಾಮಾನಿನ ಡಬ್ಬಿಯಲ್ಲಿದೆ. ಅದನ್ನು ಮತ್ತೆ ಹಾಕಿಬಿಡೋಣ ಎಂದು ಒಮ್ಮೆ ತಿರುಪುಳಿ ತೆಗೆದುಕೊಂಡಿದ್ದೆ. ಹಾಕಲಿಲ್ಲ. ಹಾಕಿದರೆ ನಾನು ಮಾಡಿದ್ದು ಗೋಡೆಯಿಂದ ಅಳಿಸಿಹೋಗುತ್ತದೆ.

ಮುಂದಿನ ತಿಂಗಳು ನಿನ್ನ ವರ್ಷಾಬ್ದಿಕ ಇದೇ ಮನೆಯಲ್ಲಿ. ಶೀನು ಮತ್ತು ಮಾಲತಿ ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳಲು ಹೋದರೆ ನಡುವೆ ಎಲ್ಲೋ ಗ್ಯಾಸ್ ಒಲೆ ಸೇರಿಸುತ್ತೇನೆ, ಹೆದರಿಕೆ ಸೇರಿಸುತ್ತೇನೆ. ಅದಕ್ಕೇ ಮಾಡಿ ತೋರಿಸುತ್ತೇನೆ. ಸಂಜೆ ಶೀನುವನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಬಾಗಿಲ ಹಿಂದೆ ಹೋಗಿ ಎರಡನೆಯದನ್ನು ಒತ್ತಿ, ಬಂದು ನೀನು ನಿಂತ ಜಾಗದಲ್ಲಿ ನಿಂತು ಮೊದಲನೆಯದನ್ನು ಕೆಳಗೆ ಮಾಡುತ್ತೇನೆ. ಕತ್ತಲೆಯಾಗುತ್ತದೆ. ಅವನು ಏನು ಬೇಕಾದರೂ ಹೇಳಲಿ, ಮಾಡಲಿ. ವನಜಳೂ ಅಲ್ಲೇ ಇರುತ್ತಾಳೆ.

ನೀನು ಇರುವುದಿಲ್ಲ. ನೀನು ಫೋನ್ ಹಿಡಿದು ಕಾದಿದ್ದೆ, ನಾನು ತಡಮಾಡಿದೆ.

ಕೆಳಗೇ ಇತ್ತು ಅಕ್ಕ.